ಕೆಂಪು ಹೆಂಚು, ಕರಿ ಮಡಕೆ

ಚಾರ್ಮಾಡಿ ಘಾಟಿ ಹತ್ತಿ, ಕೊಟ್ಟಿಗೆಹಾರ ದಾಟಿ ಮೂಡಿಗೆರೆಯತ್ತ ಸಾಗಿದರೆ ಕಾಫಿ ತೋಟಗಳ ನಡುವೆ ಹೆಂಚಿನ ಮಾಡಿನ ಹಳೆಯ ಮನೆಗಳು ಇಂದಿಗೂ ಕಣ್ಣಿಗೆ ಬೀಳುತ್ತವೆ. ಮಲೆನಾಡಿನ ಮಳೆಗೆ ಪಾಚಿ ಹಿಡಿದು ಹೊರಮೈ ಕಪ್ಪಾಗಿದ್ದರೂ ಒಡೆದ ಹೆಂಚಿನ ಒಳಗು ಕೆಂಪೇ. ಆದರೆ ಸಂತೆಯಲ್ಲಿ ಕೊಂಡ ಕರಿ ಮಡಕೆ ಒಲೆಯ ಮಸಿ ತಾಗುವ ಮುನ್ನವೇ ಕಪ್ಪು. ಮಣ್ಣಿನ ಜಾತಿ ಬೇರೆ ಎಂದು ಹಲವರು ಭಾವಿಸುವುದುಂಟು. ವಾಸ್ತವದಲ್ಲಿ ಒಂದೇ ಹೊಂಡದ ಜೇಡಿಮಣ್ಣು ಕೆಂಪೂ ಆಗಬಲ್ಲದು, ಕಪ್ಪೂ ಆಗಬಲ್ಲದು. ತೀರ್ಮಾನ ಆವಿಗೆಯ ಬೆಂಕಿಗೆ ಎಷ್ಟು ಗಾಳಿ ಸಿಕ್ಕಿತು ಎಂಬುದರ ಮೇಲೆ.

ಜೇಡಿಮಣ್ಣಿನಲ್ಲಿ ಕಬ್ಬಿಣದ ಅಂಶವಿರುತ್ತದೆ. ಗಾಳಿ ಧಾರಾಳವಾಗಿದ್ದರೆ ಅದು ಆಮ್ಲಜನಕದೊಡನೆ ಸೇರಿ ತುಕ್ಕಿನ ಕೆಂಪಿಗೆ ತಿರುಗುತ್ತದೆ. ಗಾಳಿ ಸಾಲದಿದ್ದರೆ ಇಂಧನ ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಈ ಅನಿಲ ತನಗೆ ಕೊರತೆಯಾದ ಆಮ್ಲಜನಕವನ್ನು ಮಣ್ಣಿನೊಳಗಿನ ಕಬ್ಬಿಣದಿಂದಲೇ ಕಿತ್ತುಕೊಳ್ಳುತ್ತದೆ. ಆಗ ಕೆಂಪು ಹೋಗಿ ಬೂದು, ಕಪ್ಪು ಬರುತ್ತದೆ. ಹೊಗೆಯ ಇಂಗಾಲವೂ ಮಣ್ಣಿನ ರಂಧ್ರಗಳಲ್ಲಿ ಕೂರುತ್ತದೆ. ರಸಾಯನಶಾಸ್ತ್ರದಲ್ಲಿ ಇದಕ್ಕೆ ಅಪಕರ್ಷಣೆ ಎಂದು ಹೆಸರು. ಸುಡುವ ಕೊನೆಯ ಹಂತದಲ್ಲಿ ಹೊಟ್ಟನ್ನೋ ಹಸಿ ಸೊಪ್ಪನ್ನೋ ಹಾಕಿ ಆವಿಗೆಯ ಬಾಯಿ ಮುಚ್ಚುವ ಕುಂಬಾರ ಮಾಡುವುದು ಇದನ್ನೇ.

ಈ ವಿದ್ಯೆ ಎಷ್ಟು ಹಳೆಯದು? ಕಳಸದ ಪಕ್ಕದಲ್ಲಿ ಹರಿಯುವ ಭದ್ರೆ ಕೂಡಲಿಯಲ್ಲಿ ತುಂಗೆಯನ್ನು ಕೂಡಿ ಬಯಲಿಗಿಳಿಯುತ್ತಾಳೆ. ಆ ತುಂಗಭದ್ರೆಯ ದಡದಲ್ಲಿ, ಈಗಿನ ಹಾವೇರಿ ಜಿಲ್ಲೆಯಲ್ಲಿ, ಹಳ್ಳೂರು ಎಂಬ ಊರಿದೆ. ಡಾ. ಎಂ. ಎಸ್. ನಾಗರಾಜ ರಾವ್ 1965ರಲ್ಲಿ ಅಲ್ಲಿ ಉತ್ಖನನ ನಡೆಸಿದರು. ಕ್ರಿ.ಪೂ. 1000ದ ಆಸುಪಾಸಿನ ಕಬ್ಬಿಣದ ವಸ್ತುಗಳು ಸಿಕ್ಕಿದ್ದರಿಂದ ಹಳ್ಳೂರಿನ ಹೆಸರು ಪ್ರಸಿದ್ಧವಾಯಿತು. ಜೊತೆಗೆ ದೊರೆತದ್ದು ಕಪ್ಪು-ಕೆಂಪು ಮಡಕೆಗಳ ಚೂರು. 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲೂ ಇದೇ ಬಗೆಯ ಪಾತ್ರೆಗಳು ಸಿಕ್ಕಿದ್ದವು. ಒಳಮೈ ಮತ್ತು ಕಂಠ ಕಪ್ಪು, ಕೆಳಗಿನ ಹೊರಮೈ ಕೆಂಪು. ಪಾಠಪುಸ್ತಕಗಳು ಇದನ್ನು ಬೃಹತ್ ಶಿಲಾಯುಗದ ಗುರುತೆಂದು ಹೇಳಿ ಮುಂದೆ ಹೋಗುತ್ತವೆ. ಒಂದೇ ಮಡಕೆಗೆ ಎರಡು ಬಣ್ಣ ತಂದವನ ಜಾಣ್ಮೆಗೆ ಒಂದು ಸಾಲೂ ಮೀಸಲಿಡುವುದಿಲ್ಲ!

ಮಡಕೆಯನ್ನು ಬೋರಲಾಗಿಟ್ಟು ಸುಟ್ಟಿರಬೇಕು ಎಂಬುದು ಹೆಚ್ಚು ಪ್ರಚಲಿತವಾದ ವಿವರಣೆ. ಒಳಗೆ ತುಂಬಿದ ಹುಲ್ಲು, ಹೊಟ್ಟು ಗಾಳಿಯಿಲ್ಲದೆ ಹೊಗೆಯಾಡಿ ಒಳಮೈಯನ್ನೂ ಬೂದಿಯಲ್ಲಿ ಹೂತ ಕಂಠವನ್ನೂ ಕಪ್ಪಾಗಿಸಿದರೆ, ಗಾಳಿಗೆ ತೆರೆದಿದ್ದ ಹೊರಮೈ ಕೆಂಪಾಯಿತು. ಎರಡು ಬಾರಿ ಸುಟ್ಟಿರಬಹುದು ಎನ್ನುವ ವಿದ್ವಾಂಸರೂ ಇದ್ದಾರೆ. ಹೇಗೇ ಆಗಲಿ, ಥರ್ಮಾಮೀಟರ್ ಇಲ್ಲದ ಕಾಲದಲ್ಲಿ ಗಾಳಿಯನ್ನು ಅಳೆದುಕೊಟ್ಟವರು ಅವರು.

ಮಲೆನಾಡಿನ ಮಾಡುಗಳಿಗೆ ಕೆಂಪು ಬಂದದ್ದು ಕರಾವಳಿಯಿಂದ. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ. ನೇತ್ರಾವತಿ, ಗುರುಪುರ ನದಿ ದಂಡೆಯ ಜೇಡಿಮಣ್ಣು, ಸೌದೆಯ ಬೆಂಕಿ. ಇಲ್ಲಿ ಬೇಕಾದದ್ದು ಹೊಗೆಯಲ್ಲ, ಧಾರಾಳ ಗಾಳಿ. ಅದು ಕಡಿಮೆಯಾದರೆ ಹೆಂಚನ್ನು ಮುರಿದಾಗ ನಡುವೆ ಕಪ್ಪು ಗೆರೆ ಕಾಣುತ್ತದೆ.

ವಿಚಿತ್ರವೆಂದರೆ ವಿದ್ಯುತ್ ಕಂಬದ ಪಿಂಗಾಣಿ ಬಿಲ್ಲೆಗೂ ಹೊಗೆಯ ವಿದ್ಯೆಯೇ ನೆರವಾಗುತ್ತದೆ. ಬಿಳಿ ಮಣ್ಣಿನಲ್ಲೂ ಅಲ್ಪ ಕಬ್ಬಿಣವಿರುವುದರಿಂದ ಬರಿಯ ಗಾಳಿಯಲ್ಲಿ ಸುಟ್ಟರೆ ಪಿಂಗಾಣಿ ಹಳದಿಗೆ ತಿರುಗುತ್ತದೆ. ಅದಲ್ಲದೆ ಮಣ್ಣು ಕರಗಿ ಗಟ್ಟಿಯಾಗುವ ಹೊತ್ತಿಗೆ ಕಬ್ಬಿಣ ಆಮ್ಲಜನಕ ಬಿಟ್ಟರೆ ಒಳಗೆ ಗುಳ್ಳೆಗಳಾಗುತ್ತವೆ. ಗುಳ್ಳೆಯಿರುವ ಬಿಲ್ಲೆ ಹೈಟೆನ್ಷನ್ ತಂತಿಯ ಒತ್ತಡ ತಾಳಲಾರದು. ಅದಕ್ಕೇ ಗಟ್ಟಿ ಪಿಂಗಾಣಿಯನ್ನು ಹಲವು ಕಡೆ ಮೊದಲೇ ಅಪಕರ್ಷಣೆಗೆ ಒಡ್ಡುತ್ತಾರೆ. ಚೀನದ ಲಾಂಗ್‌ಛ್ವಾನ್ ಗೂಡುಗಳ ಹಸಿರು ಮೆರುಗಿನ ಪಾತ್ರೆಗಳ ಗುಟ್ಟೂ ಇದೇ.

ಈಗ ಹಲವು ಕಲಾ ಕುಂಬಾರಿಕೆಯ ಗೂಡುಗಳಲ್ಲಿ ಸೌದೆಯ ಜಾಗಕ್ಕೆ ಗ್ಯಾಸ್ ಬಂದಿದೆ. ತಿರುಪು ತಿರುಗಿಸಿದರೆ ಕೆಲಸ ಮುಗಿಯಿತು ಎಂಬುದು ಹೊರಗಿನವರ ಭಾವನೆ. ಆದರೆ ಸೌದೆ ತುರುಕಿದಾಗ ತಾನಾಗಿ ಬರುತ್ತಿದ್ದ ಹೊಗೆಯನ್ನು ಗ್ಯಾಸಿನಲ್ಲಿ ಲೆಕ್ಕ ಹಾಕಿ ತರಿಸಬೇಕು. ಒಂದು ಪಾಲು ಪ್ರೊಪೇನ್ ಪೂರ್ತಿ ಉರಿಯಲು ಸುಮಾರು 24 ಪಾಲು ಗಾಳಿ ಬೇಕು. ಬ್ಯೂಟೇನಿಗೆ 31 ಪಾಲು. ಮೊದಲಿಗೆ ಸಣ್ಣ ಉರಿಯಲ್ಲಿ ಮಣ್ಣಿನ ತೇವ ಹೋಗಬೇಕು. ಶಾಖ 900 ಡಿಗ್ರಿ ಸೆಲ್ಷಿಯಸ್ ಸುಮಾರಿಗೆ ಏರಿದ ಮೇಲೆ ಬರ್ನರಿನ ಗಾಳಿ ಕಿಂಡಿಯನ್ನು ಕಿರಿದು ಮಾಡಿ, ಹೊಗೆಗೂಡಿನ ಡ್ಯಾಂಪರನ್ನು ತುಸು ಒಳಗೆ ತಳ್ಳುತ್ತಾರೆ. ನೋಟದ ಕಿಂಡಿಯಿಂದ ಮೆತ್ತನೆಯ ಜ್ವಾಲೆಯ ನಾಲಿಗೆ ಹೊರಚಾಚಿದರೆ ಅಪಕರ್ಷಣೆ ಶುರುವಾಯಿತೆಂದು ಲೆಕ್ಕ. ಕರಿ ಹೊಗೆ ಹೆಚ್ಚಿದಷ್ಟೂ ಒಳ್ಳೆಯದೆಂಬುದು ತಪ್ಪು. ಆಗ ಶಾಖ ಏರುವುದು ನಿಲ್ಲುತ್ತದೆ, ಗ್ಯಾಸ್ ದಂಡವಾಗುತ್ತದೆ, ಸಿಕ್ಕಿಬಿದ್ದ ಇಂಗಾಲದಿಂದ ಪಾತ್ರೆಯ ಮೈ ಉಬ್ಬುವುದೂ ಉಂಟು. ವಾರಗಟ್ಟಲೆ ತಿಗುರಿಯ ಮುಂದೆ ಕುಳಿತು ಮಾಡಿದ್ದು ಒಂದೇ ರಾತ್ರಿಯಲ್ಲಿ ಕೆಡುತ್ತದೆ.

ಅಪಾಯವೂ ಇಲ್ಲದಿಲ್ಲ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಳೆಯೆಂದು ಕೊಠಡಿಯ ಕಿಟಕಿ ಮುಚ್ಚಿದರೆ ಪ್ರಾಣಕ್ಕೇ ಸಂಚಕಾರ. ಉರಿ ನಂದಿ ಸೋರಿದ ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ನೆಲದಲ್ಲೇ ಹರಡಿ ನಿಲ್ಲುತ್ತದೆ.

ಕಾಫಿ ಸೀಮೆಯ ಲೆಕ್ಕ ಇನ್ನೂ ಬೇರೆ. ಸಮುದ್ರಮಟ್ಟಕ್ಕಿಂತ ಸುಮಾರು ಸಾವಿರ ಮೀಟರ್ ಎತ್ತರದ ಮೂಡಿಗೆರೆ, ಚಿಕ್ಕಮಗಳೂರುಗಳಲ್ಲಿ ಗಾಳಿ ಕರಾವಳಿಗಿಂತ ಹತ್ತರಲ್ಲಿ ಒಂದು ಪಾಲಿನಷ್ಟು ತೆಳು. ಮಂಗಳೂರಿನಲ್ಲಿ ಹೊಂದಿಸಿದ ಬರ್ನರನ್ನು ಘಾಟಿಯ ಮೇಲೆ ತಂದು ಹಚ್ಚಿದರೆ, ಕಿಂಡಿ ಅಷ್ಟೇ ತೆರೆದಿದ್ದರೂ ಆಮ್ಲಜನಕ ಕಡಿಮೆ. ಕೆಂಪಾಗಬೇಕಾದ ಹೆಂಚು ಮಸುಕಾದೀತು. ಮಳೆಗಾಲದ ಚಳಿಯಲ್ಲಿ ರಭಸದಿಂದ ಗ್ಯಾಸ್ ಎಳೆದರೆ ಸಿಲಿಂಡರಿನ ಮೈಮೇಲೆ ಹಿಮ ಕಟ್ಟಿ ಒತ್ತಡ ಕುಸಿಯುತ್ತದೆ. ಒಂದರ ಬದಲು ಮೂರು ನಾಲ್ಕು ಸಿಲಿಂಡರುಗಳನ್ನು ಒಟ್ಟಿಗೆ ಜೋಡಿಸಿ ಹೊರೆ ಹಂಚುವುದು ವಾಡಿಕೆ. ಡ್ಯಾಂಪರನ್ನು ಎಷ್ಟು ಬೆರಳು ತೆರೆಯಬೇಕೆಂಬುದನ್ನು ಮಾತ್ರ ಆಯಾ ಊರಿನ ಗೂಡಿನ ಮುಂದೆ ನಿಂತೇ ಕಂಡುಕೊಳ್ಳಬೇಕು.