ಡಿ, ಎಸ್, ಎಂ: ಒಂದೇ ಗೇರ್‌ಬಾಕ್ಸ್, ಬೇರೆ ಬೇರೆ ಊಹೆ

(1/8)
ಡ್ಯುಯಲ್ ಕ್ಲಚ್ ಆಟೋಮ್ಯಾಟಿಕ್ ಕಾರಿನ ಗೇರ್ ಲಿವರ್ ಒಮ್ಮೆ ನೋಡಿ. ಡಿ ಇರುತ್ತೆ, ಎಸ್ ಇರುತ್ತೆ, ಪಕ್ಕಕ್ಕೆ ತಳ್ಳಿದ್ರೆ ಪ್ಲಸ್-ಮೈನಸ್ ಇರೋ ಎಂ, ಅಂದ್ರೆ ಮ್ಯಾನ್ಯುವಲ್. ಎಸ್‌ಗೆ ಹಾಕಿದ್ರೆ ಎಂಜಿನ್ನಿಗೆ ಎಲ್ಲಿಂದಲೋ ಜಾಸ್ತಿ ಪವರ್ ಬರುತ್ತೆ ಅಂತ ತುಂಬಾ ಜನ ನಂಬಿದ್ದಾರೆ. ನಾವು ದಿನಾ ನೋಡೋ ಕಾರುಗಳಲ್ಲಿ ಹಾಗೇನೂ ಆಗಲ್ಲ. ಎಂಜಿನ್ ಅದೇ, ಗೇರ್‌ಗಳು ಅವೇ, ಕ್ಲಚ್‌ಗಳೂ ಅವೇ ಎರಡು. ಮುಖ್ಯವಾಗಿ ಬದಲಾಗೋದು ಒಂದು ವಿಷಯ: ನೀವು ಮುಂದೆ ಏನು ಮಾಡ್ತೀರಿ ಅಂತ ಗೇರ್‌ಬಾಕ್ಸ್ ಮಾಡೋ ಊಹೆ. ಈ ಊಹೆ ಎಲ್ಲಿಂದ ಬಂತು ಅನ್ನೋದೇ ಇವತ್ತಿನ ಸರಣಿ. ಇತಿಹಾಸ ಗೊತ್ತಾದ್ರೆ ಯಾವ ಮೋಡ್ ಯಾವಾಗ ಅನ್ನೋದು ತಾನಾಗೇ ಗೊತ್ತಾಗುತ್ತೆ.

(2/8)
ಕಥೆ ಶುರುವಾಗೋದು ಅಡಾಲ್ಫ್ ಕೆಗ್ರೆಸ್ ಅನ್ನೋ ಫ್ರೆಂಚ್ ಎಂಜಿನಿಯರ್‌ನಿಂದ. ಈತ ರಷ್ಯಾದ ದೊರೆ ಎರಡನೇ ನಿಕೊಲಾಸ್‌ನ ಕಾರುಗಳನ್ನ ನೋಡಿಕೊಳ್ತಿದ್ದವನು. ಹಿಮದಲ್ಲಿ ಚಕ್ರ ಹೂತುಹೋಗದಂತೆ ಹಿಂದಿನ ಚಕ್ರಗಳ ಜಾಗದಲ್ಲಿ ರಬ್ಬರ್ ಪಟ್ಟಿ ಕೂರಿಸಿದ. 1917ರಲ್ಲಿ ಕ್ರಾಂತಿ ಆಯ್ತು, ಕೆಗ್ರೆಸ್ ಫ್ರಾನ್ಸಿಗೆ ವಾಪಸ್ ಹೋದ. ತಮಾಷೆ ಏನಂದ್ರೆ, ಆಮೇಲೆ ಲೆನಿನ್‌ನ ರೋಲ್ಸ್ ರಾಯ್ಸ್‌ಗೂ ಇದೇ ಪಟ್ಟಿ ಹಾಕಿದ್ರು! ಫ್ರಾನ್ಸಿನಲ್ಲಿ ಸಿಟ್ರೊಯೆನ್ ಕಂಪನಿ ಇವನ ಪಟ್ಟಿ ಹಾಕಿದ ಗಾಡಿಗಳಲ್ಲಿ 1922-23ರಲ್ಲಿ ಸಹಾರಾ ಮರುಭೂಮಿಯನ್ನೇ ದಾಟಿಸಿತು.

1939ರಲ್ಲಿ ಇದೇ ಕೆಗ್ರೆಸ್ ಇನ್ನೊಂದು ಯೋಚನೆ ಮುಂದಿಟ್ಟ: ಒಂದು ಗೇರ್‌ಬಾಕ್ಸ್‌ಗೆ ಎರಡು ಕ್ಲಚ್. ಅದೇ ವರ್ಷ ಎರಡನೇ ಮಹಾಯುದ್ಧ ಶುರುವಾಯ್ತು. 1943ರಲ್ಲಿ ಆತ ತೀರಿಕೊಂಡ. ಯೋಚನೆ ಮಾರಾಟದ ಕಾರಿನ ತನಕ ಬರಲೇ ಇಲ್ಲ.

(3/8)
ಎರಡು ಕ್ಲಚ್ ಯಾಕೆ? ಮಾಮೂಲಿ ಗೇರ್ ಗಾಡಿ ನೆನಪಿಸಿಕೊಳ್ಳಿ. ಕ್ಲಚ್ ಒತ್ತಿ, ಗೇರ್ ಬದಲಿಸಿ, ಕ್ಲಚ್ ಬಿಡೋ ತನಕ ಎಂಜಿನ್ ಶಕ್ತಿ ಚಕ್ರಕ್ಕೆ ಹೋಗಲ್ಲ. ಆ ಖಾಲಿ ಕ್ಷಣವನ್ನ ತೆಗೆದುಹಾಕೋದೇ ಇಲ್ಲಿನ ಉಪಾಯ. 1, 3, 5ನೇ ಗೇರ್‌ಗಳು ಒಂದು ಕ್ಲಚ್‌ಗೆ, 2, 4, 6 ಇನ್ನೊಂದಕ್ಕೆ. ನೀವು 3ರಲ್ಲಿ ಹೋಗ್ತಿರುವಾಗಲೇ 4ನೇ ಗೇರ್ ಬಿದ್ದು ಕಾಯ್ತಾ ಇರುತ್ತೆ. ಒಂದು ಕ್ಲಚ್ ಬಿಡ್ತಾ ಇದ್ದಂಗೆ ಇನ್ನೊಂದು ಹಿಡಿಯುತ್ತೆ. ರಿಲೇ ಓಟದಲ್ಲಿ ಮುಂದಿನ ಓಟಗಾರ ಕೈ ಹಿಂದೆ ಚಾಚಿ ಆಗಲೇ ಓಡೋಕೆ ಶುರುಮಾಡಿರ್ತಾನಲ್ಲ, ಹಾಗೆ.

ಆದರೆ ಒಂದು ಪ್ರಶ್ನೆ ಉಳೀತು. ಕಾಯ್ತಾ ಇರಬೇಕಾದ್ದು 4ನೇ ಗೇರೋ, 2ನೇ ಗೇರೋ? ಇದನ್ನ ಯಾರು ಹೇಳಬೇಕು?

(4/8)
ರೇಸಿನಲ್ಲಿ ಇದಕ್ಕೆ ಉತ್ತರ ಸುಲಭ. ಡ್ರೈವರೇ ಹೇಳ್ತಾನೆ. 1980ರ ದಶಕದಲ್ಲಿ ಪೋರ್ಷೆ ತನ್ನ 956 ಮತ್ತು 962 ರೇಸ್ ಕಾರುಗಳಲ್ಲಿ ಎರಡು ಕ್ಲಚ್‌ನ ಗೇರ್‌ಬಾಕ್ಸ್ ಪ್ರಯೋಗ ಮಾಡಿತು. ಪಿಡಿಕೆ ಅಂತ ಅದರ ಹೆಸರು. ಅವು ಟರ್ಬೊ ಎಂಜಿನ್‌ಗಳು. ಗೇರ್ ಬದಲಿಸೋಕೆ ಎಕ್ಸಲರೇಟರ್ ಬಿಟ್ರೆ ಟರ್ಬೊ ಒತ್ತಡ ಇಳಿದುಹೋಗುತ್ತೆ, ಮತ್ತೆ ಏರೋಕೆ ಸಮಯ ಬೇಕು. ಎರಡು ಕ್ಲಚ್ ಇದ್ರೆ ಕಾಲು ತೆಗೆಯೋದೇ ಬೇಡ. ಆಡಿ ಕಂಪನಿಯೂ 1985ರಲ್ಲಿ ತನ್ನ ರ‍್ಯಾಲಿ ಕಾರಿನಲ್ಲಿ ಇದನ್ನ ಪರೀಕ್ಷಿಸಿತು. 1986ರಲ್ಲಿ ಇಟಲಿಯ ಮೊಂಜಾದಲ್ಲಿ ಹಾನ್ಸ್ ಸ್ಟುಕ್ ಮತ್ತು ಡೆರೆಕ್ ಬೆಲ್ ಪಿಡಿಕೆ ಇದ್ದ 962ರಲ್ಲಿ ಗೆದ್ದರು.

ಗೆದ್ದರೂ ಅದು ಭಾರದ, ಪದೇ ಪದೇ ಕೈಕೊಡೋ ಯಂತ್ರವೇ ಆಗಿತ್ತು. ಎರಡು ಕ್ಲಚ್‌ಗಳನ್ನ ನಯವಾಗಿ ಆಡಿಸುವಷ್ಟು ಚುರುಕಾದ, ಅಗ್ಗದ ಕಂಪ್ಯೂಟರ್ ಇನ್ನೂ ಬಂದಿರಲಿಲ್ಲ.

(5/8)
2003ರಲ್ಲಿ ಬಂತು. ಫೋಕ್ಸ್‌ವ್ಯಾಗನ್ ತನ್ನ ಗಾಲ್ಫ್ ಆರ್32 ಕಾರಿನಲ್ಲಿ 6 ಗೇರ್‌ಗಳ ಡಿಎಸ್‌ಜಿ ಕೊಟ್ಟಿತು. ಈಗ ಕಥೆಯ ತಿರುವು ನೋಡಿ. ಊರೊಳಗೆ ಓಡಿಸೋರು ಪ್ರತಿ ಗೇರೂ ಹೇಳ್ತಾ ಕೂರಲ್ಲ. ಹಾಗಾಗಿ ಕಂಪ್ಯೂಟರೇ ಊಹಿಸಬೇಕಾಯ್ತು. ಡಿ ಮತ್ತು ಎಸ್ ಅನ್ನೋದು ಅಂಥ ಎರಡು ಊಹೆ.

ಡಿ ಊಹೆ: "ಇವರಿಗೆ ಅರ್ಜೆಂಟ್ ಇಲ್ಲ, ಪೆಟ್ರೋಲ್ ಉಳಿಸೋಣ." ಬೇಗ ಬೇಗ ಮೇಲಿನ ಗೇರ್‌ಗೆ ಹೋಗುತ್ತೆ. ಎಂಜಿನ್ ನಿಧಾನಕ್ಕೆ ತಿರುಗುತ್ತೆ, ಮೈಲೇಜ್ ಸಿಗುತ್ತೆ. ಆದರೆ ಲಾರಿ ಓವರ್‌ಟೇಕ್ ಮಾಡೋಕೆ ಫಟ್ ಅಂತ ಕಾಲೊತ್ತಿದ್ರೆ ಒಂದು ಕ್ಷಣ ತಡವರಿಸಿದ ಹಾಗೆ ಆಗುತ್ತಲ್ಲ? ಅದು ಮೇಲಿನ ಗೇರ್ ರೆಡಿ ಇಟ್ಟುಕೊಂಡು ಕೂತಿತ್ತು, ನೀವು ಕೇಳಿದ್ದು ಕೆಳಗಿನದು. ಊಹೆ ತಪ್ಪಿತು, ಅದಕ್ಕೇ ತಡ.

(6/8)
ಎಸ್ ಊಹೆ: "ಇವರು ಯಾವ ಕ್ಷಣದಲ್ಲಾದ್ರೂ ಕಾಲೊತ್ತುತ್ತಾರೆ." ಗೇರ್ ಬೇಗ ಏರಿಸಲ್ಲ, ಬೇಗ ಇಳಿಸುತ್ತೆ. ಎಂಜಿನ್ ಆಗಲೇ ಜೋರಾಗಿ ತಿರುಗ್ತಾ ಇರೋದ್ರಿಂದ ಪಿಕಪ್ ತಕ್ಷಣ ಸಿಗುತ್ತೆ. ಜಾಸ್ತಿ ಪವರ್ ಬಂತು ಅನ್ನಿಸೋದು ಇದಕ್ಕೇ. ಇದಕ್ಕೆ ಬೆಲೆ ಪೆಟ್ರೋಲ್.

ಎಂ ಅಂದ್ರೆ ಹಳೇ ರೇಸ್ ಪದ್ಧತಿ: ಯಾವ ಗೇರ್ ಅಂತ ನೀವೇ ಹೇಳೋದು. ಆದರೂ ನಿಮ್ಮ ಕೈಗೂ ಗೇರಿಗೂ ನೇರ ಸಂಬಂಧ ಇಲ್ಲ. ನೀವು ಕೊಡೋದು ಅರ್ಜಿ, ಮಂಜೂರು ಮಾಡೋದು ಕಂಪ್ಯೂಟರ್. 100ರ ವೇಗದಲ್ಲಿ 1ನೇ ಗೇರ್ ಕೇಳಿದ್ರೆ ಕೊಡಲ್ಲ, ಎಂಜಿನ್ ಉಳಿಬೇಕಲ್ಲ.

(7/8)
ಯಾವ ಮೋಡೂ ಗೆಲ್ಲೋಕಾಗದ ಒಂದು ವಿಷಯ ಇದೆ: ಬಿಸಿ. 2008ರಲ್ಲಿ ಫೋಕ್ಸ್‌ವ್ಯಾಗನ್ ಚಿಕ್ಕ ಎಂಜಿನ್‌ಗಳಿಗೆ 7 ಗೇರ್‌ಗಳ ಡ್ರೈ ಕ್ಲಚ್ ಡಿಎಸ್‌ಜಿ ತಂತು. ಹಗುರ, ಮೈಲೇಜ್‌ಗೆ ಒಳ್ಳೇದು. ಆದರೆ ವೆಟ್ ಕ್ಲಚ್ ಎಣ್ಣೆಯಲ್ಲಿ ತಣ್ಣಗಾಗುತ್ತೆ, ಡ್ರೈ ಕ್ಲಚ್‌ಗೆ ಗಾಳಿಯೇ ಗತಿ. 2013ರ ಮಾರ್ಚ್‌ನಲ್ಲಿ ಚೀನಾದಲ್ಲಿ ಡಿಎಸ್‌ಜಿ ಇದ್ದ 3.8 ಲಕ್ಷಕ್ಕೂ ಹೆಚ್ಚು ಕಾರುಗಳನ್ನ ವಾಪಸ್ ಕರೆಸಿದ್ರು. ಅದೇ ವರ್ಷ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಕಾರುಗಳ ಗೇರ್‌ಬಾಕ್ಸ್ ಎಣ್ಣೆ ಬದಲಿಸೋಕೆ ಕಂಪನಿ ಮುಂದಾಯ್ತು. ಬಿಸಿಲು, ತೇವ, ನಿಂತು ನಿಂತು ಸಾಗೋ ಟ್ರಾಫಿಕ್ ಇರೋ ಕಡೆ ಹಳೇ ಎಣ್ಣೆಯಿಂದ ಒಳಗಿನ ವಿದ್ಯುತ್ ಭಾಗಕ್ಕೆ ತೊಂದರೆ ಆಗ್ತಿತ್ತು. ಬಿಸಿಲು, ತೇವ, ಟ್ರಾಫಿಕ್! ನಮ್ಮೂರಿನ ವಿಳಾಸ ಬರೆದಂಗೇ ಇದೆ.

ಅದೇ 2013ರಲ್ಲಿ ಪೋಲೊ ಜಿಟಿ ಈ 7 ಗೇರ್ ಡಿಎಸ್‌ಜಿ ಜೊತೆ ಭಾರತಕ್ಕೆ ಬಂತು. 2019ರಲ್ಲಿ ಹುಂಡೈ ವೆನ್ಯೂ ಬಂತು. 2022ರಲ್ಲಿ ಟಾಟಾ ಆಲ್ಟ್ರೋಜ್‌ಗೆ ಡ್ಯುಯಲ್ ಕ್ಲಚ್ ಬಂದಾಗ ಅದು ವೆಟ್ ಕ್ಲಚ್ ಆಗಿಯೇ ಬಂತು.

(8/8)
ಈಗ ಕೆಲಸಕ್ಕೆ ಬರೋ ಮಾತು.

ಸಿಲ್ಕ್ ಬೋರ್ಡ್ ಥರದ ಟ್ರಾಫಿಕ್: ಡಿ ಸಾಕು. ಆದರೆ ಇಂಚಿಂಚು ತೆವಳಬೇಡಿ. ತೆವಳುವಾಗ ಕಂಪ್ಯೂಟರ್ ಹಾಫ್ ಕ್ಲಚ್‌ನಲ್ಲೇ ಇರುತ್ತೆ, ಕ್ಲಚ್ ಕಾಯುತ್ತೆ. ಮುಂದೆ ಒಂದಷ್ಟು ಜಾಗ ಆಗೋ ತನಕ ಬ್ರೇಕ್ ಗಟ್ಟಿಯಾಗಿ ಹಿಡಿದು ನಿಲ್ಲಿ, ಆಮೇಲೆ ಹೊರಡಿ. ಹಿಂದಿನವರು ಹಾರ್ನ್ ಹೊಡೀತಾರೆ, ಹೊಡೀಲಿ ಬಿಡಿ.

ಫ್ಲೈಓವರ್ ಏರಿನಲ್ಲಿ ನಿಂತಾಗ: ಎಕ್ಸಲರೇಟರ್ ಒತ್ತಿ ಕಾರನ್ನ ತಡೆದು ನಿಲ್ಲಿಸಲೇಬೇಡಿ. ಅದಕ್ಕೆ ಬ್ರೇಕ್ ಇದೆ.

ಎರಡೇ ಲೇನ್ ಇರೋ ರಸ್ತೆಯಲ್ಲಿ ಓವರ್‌ಟೇಕ್: ಹೊರಗೆ ಬಂದ ಮೇಲಲ್ಲ, ಬರೋದಕ್ಕೆ ಮೊದಲೇ ಎಸ್‌ಗೆ ಹಾಕಿ. ತಪ್ಪು ಊಹೆಯ ಆ ಒಂದು ಕ್ಷಣ ಎದುರಿಗೆ ಬಸ್ ಬರುವಾಗ ತುಂಬಾ ಉದ್ದ.

ಚಾರ್ಮಾಡಿ, ಆಗುಂಬೆ ಇಳಿಯುವಾಗ: ಎಂ. ಡಿಯಲ್ಲಿ ಬಿಟ್ರೆ ಗೇರ್ ಮೇಲೇರಿಬಿಡಬಹುದು. ಆಗ ಎಂಜಿನ್ ತಡೆ ಕಮ್ಮಿ ಆಗಿ ಭಾರವೆಲ್ಲ ಬ್ರೇಕ್ ಮೇಲೆ ಬೀಳುತ್ತೆ, ಬ್ರೇಕ್ ಕಾದ್ರೆ ಹಿಡಿಯಲ್ಲ. ಇಳಿಜಾರು ನೋಡಿ 2ನೇ ಅಥವಾ 3ನೇ ಗೇರ್ ನೀವೇ ಹಿಡಿದಿಡಿ. ಮುಂದೆ ತಿರುವಿದೆ ಅಂತ ನಿಮ್ಮ ಕಣ್ಣಿಗೆ ಕಾಣುತ್ತೆ, ಗೇರ್‌ಬಾಕ್ಸ್‌ಗೆ ಕಾಣಲ್ಲ.

ಈ ವಾರ ಅಪ್ಪನ ಕಾರು ತಗೊಂಡು ಘಾಟಿಗೆ ಹೊರಟಿರೋ ಫ್ರೆಂಡ್ ಇದ್ರೆ, ಹೊರಡೋದಕ್ಕೆ ಮೊದಲೇ ಇದನ್ನ ಕಳಿಸಿಬಿಡಿ.

#ಕಾರ್_ಕಥೆ #ಗೇರ್‌ಬಾಕ್ಸ್_ಇತಿಹಾಸ #ಕನ್ನಡದಲ್ಲಿ_ತಂತ್ರಜ್ಞಾನ