ನೋಟ ಮತ್ತು ನೋಡುವ 'ನಾನು': ಬೌದ್ಧರ ಪ್ರತ್ಯಕ್ಷ ವಿಚಾರ ಹಾಗೂ ಪಾಶ್ಚಾತ್ಯ ವಾಮಮಾರ್ಗ

ಬೆಸೆಂಟ್ ನಗರದ ಉತ್ತರಕ್ಕೆ, ಅಡ್ಯಾರ್ ನದಿಯ ದಂಡೆಯವರೆಗೆ ಹರಡಿರುವ ಥಿಯಾಸಾಫಿಕಲ್ ಸೊಸೈಟಿಯ ಆವರಣವು ಇಲ್ಲಿಯ ಕನ್ನಡ ಕುಟುಂಬಗಳಿಗೆ ಅಪರಿಚಿತವೇನಲ್ಲ. ಊರಿನಿಂದ ಬಂದ ನೆಂಟರಿಗೆ ಅಲ್ಲಿಯ ದೊಡ್ಡ ಆಲದ ಮರವನ್ನು ತೋರಿಸಿದವರು ನಮ್ಮಲ್ಲಿ ಅನೇಕರಿದ್ದಾರೆ. ಬಡಾವಣೆಗೆ ಹೆಸರು ಬರಲು ಕಾರಣರಾದ ಆನಿ ಬೆಸೆಂಟ್ 1907ರಿಂದ 1933ರಲ್ಲಿ ನಿಧನರಾಗುವವರೆಗೆ ಈ ಸಂಸ್ಥೆಯ ಅಧ್ಯಕ್ಷರಾಗಿದ್ದರು. 1917ರಲ್ಲಿ ಆರಂಭವಾದ ಬೆಂಗಳೂರು ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನ ಹಿಂದೆಯೂ ಅವರ ರಾಷ್ಟ್ರೀಯ ಶಿಕ್ಷಣ ಚಳವಳಿಯ ಪ್ರೇರಣೆಯಿತ್ತು.

ಅಷ್ಟಾಗಿ ಗಮನಕ್ಕೆ ಬಾರದ ಇನ್ನೊಂದು ಸಂಗತಿಯಿದೆ. ಬೌದ್ಧ ವಿಚಾರಗಳೂ 'ವಾಮಮಾರ್ಗ' ಎಂಬ ಮಾತೂ ಪಶ್ಚಿಮದ ಗೂಢವಿದ್ಯಾಸಕ್ತರನ್ನು ತಲುಪಿದ್ದರಲ್ಲಿ ಈ ಸಂಸ್ಥೆಯ ಪಾತ್ರ ದೊಡ್ಡದು. ಇಂದು ಪುಸ್ತಕದಂಗಡಿಗಳಲ್ಲಿಯೂ ಅಂತರಜಾಲದಲ್ಲಿಯೂ ಇವೆರಡು ಒಂದೇ ಎಂಬಂತೆ ಬೆರೆತು ದೊರೆಯುತ್ತಿವೆ. ಇವು ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಅಡ್ಯಾರಿನ ನಂಟು

ಥಿಯಾಸಾಫಿಕಲ್ ಸೊಸೈಟಿ 1875ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪನೆಯಾಯಿತು. ಸ್ಥಾಪಕರಲ್ಲಿ ಪ್ರಮುಖರಾದ ಮೇಡಂ ಬ್ಲಾವಾಟ್ಸ್ಕಿ ಮತ್ತು ಕರ್ನಲ್ ಆಲ್ಕಾಟ್ 1880ರ ಮೇ 25ರಂದು ಸಿಂಹಳದ ಗಾಲೆಯಲ್ಲಿ ಪಂಚಶೀಲ ಸ್ವೀಕರಿಸಿ ಬೌದ್ಧರಾದರು. ಆಲ್ಕಾಟರು 1881ರಲ್ಲಿ ಬೌದ್ಧಧರ್ಮದ ಪ್ರಶ್ನೋತ್ತರ ಮಾಲೆಯೊಂದನ್ನು ಪ್ರಕಟಿಸಿದರು. 1882ರಲ್ಲಿ ಅಡ್ಯಾರಿನ ಜಾಗವನ್ನು ಕೊಂಡು ಕೇಂದ್ರ ಕಚೇರಿಯನ್ನು ಇಲ್ಲಿಗೆ ತರಲಾಯಿತು.

ಬ್ಲಾವಾಟ್ಸ್ಕಿಯವರು ತಮ್ಮ ಬರಹಗಳಲ್ಲಿ ಸ್ವಾರ್ಥಕ್ಕಾಗಿ ಮಾಡುವ ಮಾಂತ್ರಿಕ ಸಾಧನೆಯನ್ನು 'ಎಡಗೈ ಮಾರ್ಗ'ವೆಂದೂ ಲೋಕಹಿತದ ಸಾಧನೆಯನ್ನು 'ಬಲಗೈ ಮಾರ್ಗ'ವೆಂದೂ ಕರೆದರು. ಈ ಮಾತಿನ ಮೂಲ ನಮ್ಮ ತಂತ್ರಶಾಸ್ತ್ರದ ವಾಮಾಚಾರ, ದಕ್ಷಿಣಾಚಾರಗಳು. ಆದರೆ ತಂತ್ರದಲ್ಲಿ ಇವು ಪಾಪ-ಪುಣ್ಯಗಳ ಹೆಸರುಗಳಲ್ಲ, ಉಪಾಸನೆಯ ಎರಡು ಕ್ರಮಗಳು. ಕುಲಾರ್ಣವ ತಂತ್ರವು ಹೇಳುವ ಏಳು ಆಚಾರಗಳ ಸಾಲಿನಲ್ಲಿ ವಾಮವು ದಕ್ಷಿಣಕ್ಕಿಂತ ಮೇಲಿನ ಮೆಟ್ಟಿಲಾಗಿದೆ. ಮದ್ಯ, ಮಾಂಸ ಮೊದಲಾದ ಪಂಚಮಕಾರಗಳನ್ನು ವಾಮಾಚಾರದಲ್ಲಿ ನೇರವಾಗಿ ಬಳಸುವುದುಂಟು. ದಕ್ಷಿಣಾಚಾರದಲ್ಲಿ ಅವುಗಳ ಬದಲಿಗೆ ಬೇರೆ ದ್ರವ್ಯಗಳನ್ನು ಇಡುತ್ತಾರೆ ಅಥವಾ ಅವನ್ನು ಸಂಕೇತವಾಗಿ ಗ್ರಹಿಸುತ್ತಾರೆ. ಇಂದಿನ ಕನ್ನಡದಲ್ಲಿಯೂ ಈ ಪದ ತನ್ನ ಮೂಲಾರ್ಥದಿಂದ ದೂರ ಸರಿದಿದೆ. 'ವಾಮಮಾರ್ಗದಿಂದ ಹಣ ಗಳಿಸಿದ' ಎಂದರೆ ಮೋಸದಿಂದ ಗಳಿಸಿದ ಎಂದೇ ಅರ್ಥ. ಪತ್ರಿಕೆಯಲ್ಲಿ 'ವಾಮಾಚಾರ' ಎಂದರೆ ನಿಂಬೆಹಣ್ಣು, ಕುಂಕುಮಗಳ ಮಾಟವೇ ಕಣ್ಣ ಮುಂದೆ ಬರುತ್ತದೆ.

ಬೌದ್ಧರು ಕಂಡ ಬಗೆ

ಕಣ್ಣು, ರೂಪ ಮತ್ತು ಕಣ್ಣಿನ ಅರಿವು ಮೂರೂ ಕೂಡಿದಾಗ ಸ್ಪರ್ಶ ಉಂಟಾಗುತ್ತದೆ, ಸ್ಪರ್ಶದಿಂದ ವೇದನೆ, ಅಂದರೆ ಹಿತ-ಅಹಿತಗಳ ಅನುಭವ, ಅನಂತರ ಇದು ಇಂಥದು ಎಂಬ ಸಂಜ್ಞೆ, ಆಮೇಲೆ ಯೋಚನೆ, ಕೊನೆಗೆ ಯೋಚನೆಯ ಹಬ್ಬುವಿಕೆ. ಪಾಲಿ ಮಜ್ಝಿಮನಿಕಾಯದ ಮಧುಪಿಂಡಿಕ ಸುತ್ತವು ಈ ಕ್ರಮವನ್ನು ವಿವರಿಸುತ್ತದೆ. ಕೊನೆಯ ಹಂತಕ್ಕೆ ಅಲ್ಲಿರುವ ಹೆಸರು 'ಪಪಂಚ', ಸಂಸ್ಕೃತದಲ್ಲಿ 'ಪ್ರಪಂಚ'. ನಾವು ಹೊರಗಿನ ಜಗತ್ತಿಗೆ ಹೇಳುವ ಪದವನ್ನೇ ಬೌದ್ಧರು ಮನಸ್ಸು ಹೆಣೆದು ಹಬ್ಬಿಸುವ ಬಲೆಗೆ ಬಳಸಿರುವುದು ಗಮನಾರ್ಹ.

ಈ ವಿಚಾರವನ್ನು ತರ್ಕಶಾಸ್ತ್ರವಾಗಿ ಬೆಳೆಸಿದ ದಿಙ್ನಾಗನ ಕಾಲ ಸುಮಾರು 5-6ನೆಯ ಶತಮಾನ. ಆತ ಕಾಂಚೀಪುರದ ಸಮೀಪದವನೆಂದು ಟಿಬೆಟಿನ ಸಂಪ್ರದಾಯ ಹೇಳುತ್ತದೆ. ತನ್ನ 'ಪ್ರಮಾಣಸಮುಚ್ಚಯ'ದಲ್ಲಿ ಆತ ಪ್ರತ್ಯಕ್ಷ, ಅನುಮಾನ ಎಂಬ ಎರಡೇ ಪ್ರಮಾಣಗಳನ್ನು ಒಪ್ಪುತ್ತಾನೆ. ಹೆಸರು, ಜಾತಿ, ಗುಣ ಮೊದಲಾದ ಕಲ್ಪನೆಗಳು ಸೇರುವ ಮೊದಲಿನ ಅರಿವು ಮಾತ್ರ ಪ್ರತ್ಯಕ್ಷ. ಎಲಿಯಟ್ಸ್ ಬೀಚಿನಲ್ಲಿ ಇರುಳು ನಿಂತವರಿಗೆ ದೂರದ ನೀರಿನ ಮೇಲೆ ಬೆಳಕೊಂದು ಹೊಳೆಯುತ್ತದೆ. ಆ ಹೊಳಪಿನ ಕ್ಷಣ ಪ್ರತ್ಯಕ್ಷ. 'ಅದು ದೋಣಿ' ಎನ್ನುವುದು ಮನಸ್ಸಿನ ಜೋಡಣೆ. 'ಅದು ನಮ್ಮವರ ದೋಣಿ' ಎನ್ನುವುದು ಇನ್ನೂ ಒಂದು ಜೋಡಣೆ.

ಅಸಂಗ, ವಸುಬಂಧುಗಳ ಯೋಗಾಚಾರ ಪಂಥ ಇನ್ನೂ ಮುಂದೆ ಹೋಗಿ, ಕಾಣುವ 'ನಾನು' ಕೂಡ ಇಂಥದೇ ಜೋಡಣೆ ಎನ್ನುತ್ತದೆ. ಎಡೆಬಿಡದೆ ಹರಿಯುವ ಅರಿವಿನ ಪ್ರವಾಹವನ್ನು ಹಿಡಿದು 'ಇದು ನಾನು' ಎಂದುಕೊಳ್ಳುವುದು ಕ್ಲಿಷ್ಟಮನಸ್ಸಿನ ಕೆಲಸ. ಆ ಹಿಡಿತ ಸಡಿಲಿದಂತೆ ದುಃಖವೂ ಸಡಿಲುತ್ತದೆ ಎಂಬುದು ಈ ವಿಚಾರದ ಗುರಿ.

ಪಶ್ಚಿಮದ ಹಾದಿ

ಪಶ್ಚಿಮದ ಕಥೆಯಲ್ಲಿ ಇಬ್ಬರು ಗೆಳೆಯರಿದ್ದಾರೆ. ಅಲನ್ ಬೆನೆಟ್ ಮತ್ತು ಅಲಿಸ್ಟರ್ ಕ್ರೌಲಿ ಇಬ್ಬರೂ ಲಂಡನ್ನಿನ 'ಗೋಲ್ಡನ್ ಡಾನ್' ಎಂಬ ಗೂಢವಿದ್ಯಾ ಕೂಟದ ಸದಸ್ಯರು. ಬೆನೆಟ್ 1900ರಲ್ಲಿ ಸಿಂಹಳಕ್ಕೆ ಬಂದು, ಮುಂದೆ ಬರ್ಮಾದಲ್ಲಿ ಆನಂದ ಮೆತ್ತೇಯ್ಯ ಎಂಬ ಹೆಸರಿನಿಂದ ಭಿಕ್ಷುವಾದರು. 1901ರಲ್ಲಿ ಸಿಂಹಳಕ್ಕೆ ಬಂದು ಅವರೊಡನೆ ಯೋಗಾಭ್ಯಾಸ ಮಾಡಿದ ಕ್ರೌಲಿ ಮಾಂತ್ರಿಕ ಸಾಧನೆಗೇ ಮರಳಿದರು. ಕ್ರೌಲಿ ತಮ್ಮನ್ನು ವಾಮಮಾರ್ಗಿ ಎಂದುಕೊಳ್ಳಲಿಲ್ಲ. ಕೊನೆಯ ಹಂತದಲ್ಲಿ ಅಹಂಕಾರವನ್ನು ಬಿಡಲೊಪ್ಪದ ಸಾಧಕರನ್ನು ಅವರು ಆ ಹೆಸರಿನಿಂದ ಹೀಗಳೆದರು.

ಹೀಗಳೆದ ಹೆಸರನ್ನೇ ಮುಂದಿನವರು ಬಿರುದಾಗಿ ಧರಿಸಿದರು. 1966ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆಂಟನ್ ಲವೇ 'ಚರ್ಚ್ ಆಫ್ ಸೇಟನ್' ಸ್ಥಾಪಿಸಿದರು. ಅಲ್ಲಿ ಸೈತಾನನು ಪೂಜಿಸಬೇಕಾದ ದೇವತೆಯಲ್ಲ, ಬಾಗದ ಸ್ವಂತಿಕೆಯ ಸಂಕೇತ. ಅದರಿಂದ ಹೊರಬಂದ ಮೈಕೆಲ್ ಅಕ್ವಿನೋ 1975ರಲ್ಲಿ ಸ್ಥಾಪಿಸಿದ 'ಟೆಂಪಲ್ ಆಫ್ ಸೆಟ್'ನವರು, ವಿಶ್ವದಲ್ಲಿ ಲೀನವಾಗದೆ ಪ್ರತ್ಯೇಕವಾಗಿ ಉಳಿಯುವ ಪ್ರಜ್ಞೆಯನ್ನೇ ಪರಮ ಗುರಿಯೆಂದು ಭಾವಿಸಿದರು. ರೂಢಿಯೂ ಸಮಾಜವೂ ನಮ್ಮ ಗ್ರಹಿಕೆಯನ್ನು ರೂಪಿಸಿವೆ. ವಿಧಿಗಳಿಂದಲೂ ಸಂಕಲ್ಪದಿಂದಲೂ ಅದನ್ನು ಮುರಿದು ತನ್ನಿಚ್ಛೆಯಂತೆ ಮತ್ತೆ ಕಟ್ಟಿಕೊಳ್ಳಬೇಕು ಎಂಬುದು ಈ ಧಾರೆಯ ಸಾಮಾನ್ಯ ನಿಲುವು. ತನ್ನ ಬಾಳಿಗೆ ತಾನೇ ಹೊಣೆ ಎಂಬ ಅದರ ಆಗ್ರಹವನ್ನು ಹಗುರವಾಗಿ ತಳ್ಳಿಹಾಕಲಾಗದು.

ಅಗಲುವ ಜಾಗ

'ಕಂಡದ್ದೆಲ್ಲ ಇದ್ದ ಹಾಗೆಯೇ ಕಂಡದ್ದಲ್ಲ' ಎಂಬಲ್ಲಿಯವರೆಗೆ ಎರಡೂ ಹಾದಿಗಳು ಜೊತೆಯಾಗಿ ಸಾಗುತ್ತವೆ. ಹಾಗಾದರೆ ಕಟ್ಟಿದವನು ಯಾರು ಎಂದು ಕೇಳಿದಾಗ ಅಗಲುತ್ತವೆ. ವಾಮಮಾರ್ಗಿಯು ಆ ಕರ್ತೃವನ್ನು ಸಿಂಹಾಸನದಲ್ಲಿ ಕೂರಿಸುತ್ತಾನೆ. ಬೌದ್ಧನು ಹುಡುಕಿ ನೋಡಿ, ಸಿಂಹಾಸನ ಖಾಲಿಯೆಂದು ಕಾಣುತ್ತಾನೆ.

ಬೌದ್ಧ ತಂತ್ರದಲ್ಲಿಯೂ ಸಾಧಕನು ತನ್ನನ್ನು ದೇವತೆಯಾಗಿ ಭಾವಿಸುತ್ತಾನಲ್ಲವೇ ಎಂದು ಕೇಳಬಹುದು. ಹೌದು. ಮೈಸೂರು ಜಿಲ್ಲೆಯ ಬೈಲಕುಪ್ಪೆಯ ನಮ್ಡ್ರೋಲಿಂಗ್ ವಿಹಾರಕ್ಕೆ ಹೋದವರು ಅಲ್ಲಿಯ ಉಗ್ರರೂಪದ ಚಿತ್ರಗಳನ್ನು ಕಂಡು ಬೆರಗಾಗಿರಬಹುದು. ವಜ್ರಯಾನದ ದೇವತಾಯೋಗದಲ್ಲಿ ಇಂಥ ರೂಪಗಳನ್ನು ತಾನೇ ಎಂದು ಧ್ಯಾನಿಸುವುದುಂಟು. ಆದರೆ ಆ ರೂಪ ಶೂನ್ಯತೆಯಿಂದ ಏಳುತ್ತದೆ, ಧ್ಯಾನದ ಕೊನೆಗೆ ಶೂನ್ಯತೆಯಲ್ಲಿಯೇ ಕರಗುತ್ತದೆ. ಸಂಕಲ್ಪವೂ ಸಕಲ ಜೀವಿಗಳ ಹಿತಕ್ಕಾಗಿಯೇ. ಹೊರಗಿನ ಆಚರಣೆ ಒಂದೇ ತೆರನಾಗಿ ಕಂಡರೂ ಒಳಗಿನ ದಿಕ್ಕು ಬೇರೆ.

ಸಿಂಹಾಸನ ನಿರಾಕರಿಸಿದವರ ಉದಾಹರಣೆ ಅಡ್ಯಾರಿನಲ್ಲಿಯೇ ಇದೆ. 1909ರಲ್ಲಿ ಇಲ್ಲಿಯ ಕಡಲ ದಂಡೆಯಲ್ಲಿ ಗುರುತಿಸಲ್ಪಟ್ಟು, ಮುಂದೆ ಜಗದ್ಗುರುವೆಂದು ಮೆರೆಯಬೇಕಾಗಿದ್ದ ಜೆ. ಕೃಷ್ಣಮೂರ್ತಿಯವರು 1929ರಲ್ಲಿ ತಮಗಾಗಿ ಕಟ್ಟಿದ ಸಂಘಟನೆಯನ್ನು ತಾವೇ ವಿಸರ್ಜಿಸಿದರು. ಅವರು ತಮ್ಮನ್ನು ಬೌದ್ಧರೆಂದು ಕರೆದುಕೊಳ್ಳಲಿಲ್ಲ. ಆದರೂ ನೋಡುವವನು ನೋಟದಿಂದ ಬೇರೆಯಲ್ಲ ಎಂಬ ಅವರ ಬೋಧನೆ ಬೌದ್ಧ ವಿಚಾರಕ್ಕೆ ಹತ್ತಿರವಾದದ್ದು.

ಗೃಹಸ್ಥರಿಗೆ ಇದರಿಂದೇನು?

'ಎಲ್ಲವೂ ಮನಸ್ಸಿನ ಸೃಷ್ಟಿ' ಎಂಬ ಮಾತನ್ನು ಬೌದ್ಧ ತತ್ತ್ವವೆಂದು ನಮ್ಮ ಮಕ್ಕಳು ಓದುತ್ತಾರೆ. ಆ ಮಾತಿಗೆ 'ಆದ್ದರಿಂದ ಬೇಕಾದುದನ್ನು ಸಂಕಲ್ಪದಿಂದ ಪಡೆ' ಎಂಬ ಬಾಲ ಸೇರಿದರೆ ಅದು ಬೌದ್ಧವಾಗಿ ಉಳಿಯದು. ಮನೆಯಲ್ಲಿ ಕಾಯಿಲೆ, ಸೋಲು, ಸಾವು ಬಂದಾಗ ಈ ವ್ಯತ್ಯಾಸ ಬರಿಯ ತರ್ಕವಾಗಿರುವುದಿಲ್ಲ. ಎಲ್ಲವನ್ನೂ ತನ್ನ ಸಂಕಲ್ಪವೇ ಕಟ್ಟಿತೆಂದು ನಂಬಿದವನು ನೋವುಂಡವನನ್ನೇ ತಪ್ಪಿತಸ್ಥನನ್ನಾಗಿ ಕಾಣುವ ಅಪಾಯವಿದೆ. ನೂರು ಕಾರಣಗಳು ಕೂಡಿ ನೋವು ಬಂದಿತೆಂದು ತಿಳಿದವನು ಪಕ್ಕದಲ್ಲಿ ಕುಳಿತು ಕೈ ಹಿಡಿಯಬಲ್ಲ.

ಆದುದರಿಂದ ಇಂಥ ಬೋಧನೆ ಎದುರಾದಾಗ ಎಡ-ಬಲಗಳ ಹೆಸರಿಗೆ ಬೆದರಬೇಕಾಗಿಲ್ಲ. ಇದು 'ನಾನು' ಎಂಬುದನ್ನು ಬೆಳೆಸುತ್ತದೆಯೋ, ಕರಗಿಸುತ್ತದೆಯೋ? ಇನ್ನೊಬ್ಬರ ನೋವು ಇದರಿಂದ ಹತ್ತಿರವಾಗುತ್ತದೆಯೋ, ದೂರವಾಗುತ್ತದೆಯೋ? ಈ ಎರಡು ಪ್ರಶ್ನೆಗಳನ್ನು ಹಾಕಿದರೆ ಹಾದಿ ಯಾವುದೆಂಬುದು ತಾನಾಗಿಯೇ ತಿಳಿಯುತ್ತದೆ.