ಬಳ್ಳಾರಿಗೆ ಒಂದೇ ದಿನ ಇದ್ದರೆ

“ಒಂದೇ ದಿನ ಇದೆ, ಬಳ್ಳಾರೀಲಿ ಏನ್ ನೋಡೋದು?” ಅಂತ ಕೇಳುವವರಿಗೆಲ್ಲ ನಾನು ಹೇಳೋದು ಒಂದೇ: ಕೋಟೆಯನ್ನು ಕೊನೆಗಿಟ್ಟುಕೊಳ್ಳಿ. ಹನುಮಪ್ಪ ನಾಯಕ ಕಟ್ಟಿಸಿ, ಮುಂದೆ ಹೈದರಾಲಿ ವಶವಾದ ಆ ಕೋಟೆ ಎಲ್ಲೂ ಹೋಗಲ್ಲ.

ಬಿಸಿಲೇರುವ ಮೊದಲೇ ಪಕ್ಕದ ಸಂಗನಕಲ್ಲಿಗೆ ಹೋಗಿ. ನವಶಿಲಾಯುಗದ ಜನ ಕಲ್ಲುಕೊಡಲಿ ಮಾಡುತ್ತಿದ್ದ ಗುಡ್ಡ ಅದು. ಬಡಿದರೆ ಗಂಟೆಯಂತೆ ನಾದ ಕೊಡುವ ಬಂಡೆಗಳೂ ಅಲ್ಲಿವೆ. ಆಮೇಲೆ ಕುರುಗೋಡು, ಸಿಂದರು ಆಳಿದ ಊರು, ಏಕಶಿಲೆಯ ದೊಡ್ಡಬಸವೇಶ್ವರನ ಊರು. ಅಲ್ಲಿಂದ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು. ಅಶೋಕನ ಶಾಸನಗಳಲ್ಲಿ ಬಹುಪಾಲು ‘ದೇವಾನಾಂಪ್ರಿಯ’ ಅಂತಷ್ಟೇ ಇರುತ್ತದೆ. ಅವನ ಹೆಸರೇ ಸಿಗುವ ಬೆರಳೆಣಿಕೆಯ ಜಾಗಗಳಲ್ಲಿ ನಿಟ್ಟೂರೂ ಒಂದು.

ಸಂಗನಕಲ್ಲಿಗೆ ಮೊದಲ ಜಾಗ ಯಾಕೆ ಅಂದ್ರೆ, ಅಲ್ಲಿನ ಗುಡ್ಡಗಳನ್ನು ಕಲ್ಲುಗಣಿಗಾರಿಕೆ ಆಗಲೇ ಕಡಿದಿದೆ. ನೋಡೋಕೆ ಬರುವವರಿಲ್ಲದ ಗುಡ್ಡ ಬೇಗ ಜಲ್ಲಿಯಾಗುತ್ತದೆ.